ಪಾತ್ರಕ್ಕೆ ವಯಸ್ಸಾಗಿಲ್ಲ

ನಮ್ಮ ಚಿಕ್ಕಪ್ಪ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತಿದ್ದರು. ಒಂದೆರಡು ವರ್ಷ ಅಲ್ಲ, 26 ವರ್ಷ. ಚಂದ್ರಮತಿ, ದಮಯಂತಿ, ಸುಭದ್ರೆ, ಪ್ರಭಾವತಿ. ಆದರೆ ವೇಷದಲ್ಲಿರುವ ಅವರ ಫೋಟೋ ಮನೆಯಲ್ಲಿ ಇರುವುದು ಒಂದೇ ಒಂದು. ಅದೂ ರಂಗಸ್ಥಳದ್ದಲ್ಲ. ಪೇಟೆಯ ಸ್ಟುಡಿಯೋಕ್ಕೆ ಹೋಗಿ, ಬಣ್ಣ ಹಚ್ಚಿ, ಸೀರೆ ಉಟ್ಟು, ಸ್ಟೂಲಿನ ಮೇಲೆ ಕೂತು ತೆಗೆಸಿದ್ದು. ಆಗ ಅವರಿಗೆ 40 ದಾಟಿತ್ತು. ಸ್ಟುಡಿಯೋದವರು ಫೋಟೋದ ಮೇಲೆ ಬ್ರಷ್ ಆಡಿಸಿ ದವಡೆ ಸಣ್ಣ ಮಾಡಿದ್ದಾರೆ, ಕಣ್ಣ ಕೆಳಗಿನ ಗೆರೆ ಅಳಿಸಿದ್ದಾರೆ, ತುಟಿಗೆ ಗುಲಾಬಿ ಬಣ್ಣ ಹಚ್ಚಿದ್ದಾರೆ. ಅದನ್ನು ಗೋಡೆಗೆ ಹಾಕಲು ಚಿಕ್ಕಪ್ಪ ಒಂದು ದಿನವೂ ಬಿಟ್ಟಿಲ್ಲ. ಟ್ರಂಕಿನ ತಳದಲ್ಲಿದೆ. ಕೇಳಿದರೆ "ಇದು ನಾನೂ ಅಲ್ಲ, ದಮಯಂತಿನೂ ಅಲ್ಲ" ಅಂತಾರೆ.

ಈ ಮಾತು ನನಗೆ ಸರಿಯಾಗಿ ಹೊಕ್ಕಿದ್ದು ಈ ಮಳೆಗಾಲದಲ್ಲಿ, ಅದೂ ಜಪಾನಿನ 230 ವರ್ಷ ಹಳೆಯ ಚಿತ್ರಗಳನ್ನು ಅವರ ಜೊತೆ ಕೂತು ನೋಡಿದ ಮೇಲೆ.

ನಾನಿರುವುದು ಶಿವಮೊಗ್ಗದಲ್ಲಿ. ಊರು ಸಾಗರದ ಆಚೆ. ಜುಲೈನಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಹೋದ ದಿನವೇ ಕರೆಂಟು ಹೋಯಿತು. ಬರಲೇ ಇಲ್ಲ. ಮಳೆ ಅಂದ್ರೆ ನಮ್ಮ ಕಡೆಯ ಮಳೆ, ಮಾಡಿನಿಂದ ನೀರು ದಾರದ ಹಾಗೆ ಇಳಿಯುತ್ತಾ ಇರುತ್ತದೆ, ಎದುರಿನ ಅಡಿಕೆ ತೋಟ ಕಾಣುವುದಿಲ್ಲ, ಮಾತಾಡುವುದನ್ನು ಸ್ವಲ್ಪ ಜೋರಾಗಿಯೇ ಮಾತಾಡಬೇಕು. ಜಗುಲಿಯಲ್ಲಿ ಚಿಕ್ಕಮ್ಮ ಕಳಲೆ ಸುಲಿಯುತ್ತಿದ್ದರು. ಚಿಕ್ಕಪ್ಪ ಕವಳ ಹಾಕಿಕೊಂಡು ಕೂತಿದ್ದರು. ನನ್ನ ಟ್ಯಾಬ್‌ನಲ್ಲಿ ಮೊದಲೇ ಇಳಿಸಿಟ್ಟುಕೊಂಡಿದ್ದ ಕಬುಕಿ ನಟರ ಚಿತ್ರಗಳಿದ್ದವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಶಿಕಾಗೋದ ಆರ್ಟ್ ಇನ್ಸ್‌ಟಿಟ್ಯೂಟ್ ಇವೆಲ್ಲ ತಮ್ಮ ಹತ್ತಿರ ಇರುವ ಹಳೆಯ ಚಿತ್ರಗಳನ್ನು ದೊಡ್ಡದಾಗಿ, ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಬಿಟ್ಟಿವೆ. ಕಾಗದದ ನಾರು ಕಾಣುವಷ್ಟು ಹತ್ತಿರ ಹೋಗಬಹುದು. ನಾನು ಎರಡು ವರ್ಷದಿಂದ ರಾತ್ರಿ ಊಟ ಆದ ಮೇಲೆ ಇವನ್ನೇ ನೋಡುತ್ತಿದ್ದೇನೆ.

"ಎಂತದೇ ಅದು?" ಅಂತ ಚಿಕ್ಕಪ್ಪ ಕೇಳಿದರು. ಕೊಟ್ಟೆ.

ಮೊದಲು ಇದು ಏನು ಅಂತ ಸ್ವಲ್ಪ ಹೇಳಬೇಕು. ಈಗಿನ ಟೋಕಿಯೋಗೆ ಆಗ ಎದೋ ಅಂತ ಹೆಸರು. ಅಲ್ಲಿ ಕಬುಕಿ ನಾಟಕ ಅಂದರೆ ಜನಕ್ಕೆ ಹುಚ್ಚು. ಮೆಚ್ಚಿನ ನಟನ ಚಿತ್ರ ಮನೆಯಲ್ಲಿ ಇರಬೇಕು ಅಂತ ಆಸೆ. ಹಾಗಾಗಿ ಹೊಸ ನಾಟಕ ಬಂದ ಕೂಡಲೇ ಅದರ ನಟರ ಚಿತ್ರ ಅಚ್ಚಾಗಿ ಅಂಗಡಿಗೆ ಬರುತ್ತಿತ್ತು. ಯಾಕುಷಾ-ಎ ಅಂತಾರೆ, ನಟರ ಚಿತ್ರ ಅಂತಲೇ ಅರ್ಥ. ಬೆಲೆ ಹೆಚ್ಚಿಲ್ಲ, ಸಾಧಾರಣ ಚಿತ್ರವಾದರೆ ಒಂದೆರಡು ಬಟ್ಟಲು ನೂಡಲ್ಸ್ ತಿನ್ನುವಷ್ಟು ದುಡ್ಡು. ಕೂಲಿಯವನೂ ಕೊಳ್ಳಬಹುದು. ಈಗ ಮ್ಯೂಸಿಯಂಗಳಲ್ಲಿ ಗಾಜಿನ ಹಿಂದೆ ಇಟ್ಟಿರುವ ಈ ಕಾಗದಗಳು ಆಗ ಗೋಡೆಗೆ ಅಂಟಿಸುವ ವಸ್ತು. ನಮ್ಮೂರ ಹೋಟೆಲಿನ ಗೋಡೆಗೆ ಮೇಳದ ಕರಪತ್ರ ಅಂಟಿಸುತ್ತಿದ್ದರಲ್ಲ, ಆ ಥರ.

ಮೊದಮೊದಲು ಈ ಚಿತ್ರಗಳಲ್ಲಿ ಎಲ್ಲ ನಟರ ಮುಖವೂ ಒಂದೇ. 1700ರ ಆಸುಪಾಸಿನಲ್ಲಿ ತೊರಿಯಿ ಮನೆತನದವರು ಬರೆದ ಚಿತ್ರ ನೋಡಿ, ಕಾಲು ಸೋರೆಕಾಯಿ ಹಾಗೆ ಉಬ್ಬಿರುತ್ತದೆ, ಗೆರೆ ಎರೆಹುಳದ ಹಾಗೆ ದಪ್ಪ ಸಣ್ಣ ಆಗುತ್ತಾ ಹೋಗುತ್ತದೆ. ಇದು ನಾನು ಕಟ್ಟಿದ ಹೋಲಿಕೆ ಅಲ್ಲ, ಜಪಾನಿನವರೇ ಅದಕ್ಕೆ ಸೋರೆಕಾಯಿ ಕಾಲು, ಹುಳದ ಗೆರೆ ಅಂತ ಹೆಸರಿಟ್ಟಿದ್ದಾರೆ. ಎಂಥ ಕಸುವು ಆ ಗೆರೆಯಲ್ಲಿ! ಆದರೆ ಯಾವ ನಟ ಅಂತ ತಿಳಿಯಬೇಕಾದರೆ ಬಟ್ಟೆಯ ಮೇಲಿನ ಲಾಂಛನ ನೋಡಬೇಕು. ಮೂರು ಚೌಕ ಒಂದರೊಳಗೊಂದು ಇದ್ದರೆ ದಾಂಜೂರೋ, ಹೀಗೆ. ಆಮೇಲೆ ಕಾತ್ಸುಕಾವಾ ಶುನ್‌ಶೋ ಎಂಬ ಚಿತ್ರಗಾರ ಬಂದರು. 1770ರಲ್ಲಿ ಅವರೂ ಬುಂಚೋ ಎಂಬ ಇನ್ನೊಬ್ಬರೂ ಸೇರಿ ಒಂದು ಚಿತ್ರಪುಸ್ತಕ ತಂದರು. ಅದರಲ್ಲಿ ಒಬ್ಬೊಬ್ಬ ನಟನಿಗೂ ಅವನದೇ ಮುಖ. ಮೂಗು ನೋಡಿ ಹೆಸರು ಹೇಳಬಹುದು. ಮುಖ ಅಲ್ಲಿಂದ ಶುರು.

ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳುತ್ತಿದ್ದರೆ ಅವರು ಕೇಳಿದ್ದೇ ಬೇರೆ. "ಇಷ್ಟು ಸಣ್ಣ ಕೂದಲಿನ ಗೆರೆ ಮರದಲ್ಲಿ ಕೆತ್ತುದಾ?"

ಹೌದು, ಮರದಲ್ಲೇ. ಕಾಡು ಚೆರಿ ಮರದ ಹಲಗೆ. ಗಟ್ಟಿ ಮರ, ಸಣ್ಣ ಎಳೆ. ಚಿತ್ರಗಾರ ತೆಳು ಕಾಗದದ ಮೇಲೆ ಬರೆದುಕೊಟ್ಟದ್ದನ್ನು ಕೆತ್ತುವವನು ಹಲಗೆಗೆ ಮಗುಚಿ ಅಂಟಿಸುತ್ತಾನೆ. ಗೆರೆಯಷ್ಟು ಮಾತ್ರ ಉಳಿಸಿ ಉಳಿದದ್ದನ್ನು ತೆಗೆಯುತ್ತಾನೆ. ಕಾಗದದ ಸಮೇತ ಕೆತ್ತಬೇಕು, ಹಾಗಾಗಿ ಚಿತ್ರಗಾರನ ಕೈಬರಹ ಅಲ್ಲಿಗೇ ಮುಗಿಯುತ್ತದೆ, ಉಳಿಯುವುದಿಲ್ಲ. ಹಣೆಯ ಮೇಲಿನ ಕೂದಲಿನ ಅಂಚು ಇದೆಯಲ್ಲ, ಅದನ್ನು ಕೆತ್ತುವ ಕೆಲಸ ಎಲ್ಲರಿಗೂ ಕೊಡುವುದಿಲ್ಲ. ಪಳಗಿದ ಹಿರಿಯನಿಗೇ. "ಗುಡಿಗಾರರ ಕೆಲಸ ಇದು" ಅಂದರು ಚಿಕ್ಕಪ್ಪ. ಸಾಗರ ಸೊರಬದ ಗುಡಿಗಾರರು ಗಂಧದ ಪೆಟ್ಟಿಗೆಯ ಮೇಲೆ ಬಳ್ಳಿ ಬಿಡಿಸುವುದನ್ನು ಹತ್ತಿರ ಕೂತು ನೋಡಿದವರು ಅವರು. ಅವರಿಗೆ ಕೂಡಲೇ ಗೊತ್ತಾಯಿತು.

ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚು ಬೇಕು. ಬಣ್ಣ ಆಚೀಚೆ ಸರಿಯಬಾರದು ಅಂತ ಪ್ರತಿ ಹಲಗೆಯ ಮೂಲೆಯಲ್ಲೂ ಅಂಚಿನಲ್ಲೂ ಒಂದು ಗುರುತು ಕೆತ್ತಿರುತ್ತಾರೆ. ಕೆಂತೋ ಅಂತ ಅದರ ಹೆಸರು. ಕಾಗದವನ್ನು ಪ್ರತಿ ಸಲವೂ ಅದಕ್ಕೇ ಕೂರಿಸಬೇಕು. ನೀರಿನಲ್ಲಿ ಕಲೆಸಿದ ಬಣ್ಣಕ್ಕೆ ಸ್ವಲ್ಪ ಅಕ್ಕಿ ಗಂಜಿ ಬೆರೆಸಿ ಹಲಗೆಗೆ ಬ್ರಷ್ಷಿನಿಂದ ಹಚ್ಚಿ, ಮೇಲೆ ಒದ್ದೆ ಕಾಗದ ಇಟ್ಟು, ಹಿಂದಿನಿಂದ ಉಜ್ಜುತ್ತಾರೆ. ಯಂತ್ರ ಇಲ್ಲ, ಒತ್ತುವ ಪ್ರೆಸ್ ಇಲ್ಲ. ಉಜ್ಜುವ ಸಾಧನಕ್ಕೆ ಬಾರೆನ್ ಅಂತಾರೆ, ಅಂಗೈಯಷ್ಟು ಅಗಲದ ದುಂಡನೆಯ ಬಿಲ್ಲೆ. ಅದರ ಹೊದಿಕೆ ಯಾವುದು ಗೊತ್ತಾ? ಬಿದಿರಿನ ಎಳೆಯ ಮೊಳಕೆಗೆ ಸುತ್ತಿಕೊಂಡಿರುವ ಸಿಪ್ಪೆ. ಚಿಕ್ಕಮ್ಮ ಆ ಹೊತ್ತಿಗೆ ಸುಲಿದು ಜಗುಲಿಯ ಮೂಲೆಗೆ ಹಾಕುತ್ತಿದ್ದದ್ದು ಅದನ್ನೇ! ಒಳಗೆ ಸುರುಳಿ ಸುತ್ತಿರುವ ಹುರಿಯೂ ಅದೇ ಸಿಪ್ಪೆಯನ್ನು ಸೀಳಿ ಹೊಸೆದದ್ದು. ನಾನು ಹೇಳಿದ ಮೇಲೆ ಚಿಕ್ಕಮ್ಮ ಒಂದು ಸಿಪ್ಪೆ ಎತ್ತಿಕೊಂಡು ಒಳಮೈ ಸವರಿ ನೋಡಿದರು. "ನುಣ್ಣಗೆ ಉಂಟು, ಉಜ್ಜಲಿಕ್ಕೆ ಅಡ್ಡಿಲ್ಲ" ಅಂದರು.

ಕೆಂಪು ಬಣ್ಣ ಕುಸುಬೆ ಹೂವಿನದು. ನಾವು ಬಯಲುಸೀಮೆಯಿಂದ ಎಣ್ಣೆಗೆ ತರಿಸುವ ಅದೇ ಕುಸುಬೆ. ಬೆಳಕಿಗೆ ಇಟ್ಟರೆ ಆ ಕೆಂಪು ಮಾಸುತ್ತದೆ. ಹಾಗಾಗಿ ನಾವು ಇವತ್ತು ನೋಡುವ ಎಷ್ಟೋ ಚಿತ್ರಗಳು ಅಂಗಡಿಯಲ್ಲಿ ನೇತಾಡಿದಾಗ ಇದ್ದ ಬಣ್ಣದಲ್ಲಿ ಇಲ್ಲ.

ಸರಿ, ಶಾರಾಕು ವಿಷಯಕ್ಕೆ ಬರುತ್ತೇನೆ. ಈ ಬರಹ ಬರೆಯಲು ಕೂತಿದ್ದೇ ಅವರಿಗಾಗಿ.

ತೋಶೂಸಾಯಿ ಶಾರಾಕು. 1794ರ ಬೇಸಿಗೆಯಲ್ಲಿ, ಜಪಾನಿನ ಹಳೆಯ ಪಂಚಾಂಗದ ಐದನೇ ತಿಂಗಳು, ತ್ಸುತಾಯಾ ಜೂಸಾಬುರೋ ಎಂಬ ಪ್ರಕಾಶಕ ಒಂದೇ ಸಲಕ್ಕೆ 28 ಚಿತ್ರ ಹೊರತಂದರು. ಎಲ್ಲವೂ ಎದೆಯಿಂದ ಮೇಲೆ, ದೊಡ್ಡ ಮುಖ. ಹಿನ್ನೆಲೆ ಕಪ್ಪು, ಅದರಲ್ಲಿ ಅಭ್ರಕದ ಪುಡಿ. ಕಾಗದ ಓರೆ ಮಾಡಿದರೆ ಮಿನುಗುತ್ತದೆ. ಬರೆದವರು ಯಾರು ಅಂತ ಊರಿಗೆ ಗೊತ್ತಿಲ್ಲ, ಅದಕ್ಕೆ ಮುಂಚೆ ಅವರ ಒಂದು ಚಿತ್ರವೂ ಬಂದಿರಲಿಲ್ಲ. ಹತ್ತು ತಿಂಗಳಲ್ಲಿ 140ಕ್ಕೂ ಹೆಚ್ಚು ಚಿತ್ರ. 1795ರ ಮೊದಲಲ್ಲಿ ನಿಂತುಹೋಯಿತು. ಆಮೇಲೆ ಒಂದೂ ಇಲ್ಲ.

ಎಲ್ಲರೂ ನೋಡಿರುವ ಚಿತ್ರ ಎದೋಬೇ ಎಂಬ ಕೇಡಿಗನದು. ಓತಾನಿ ಓನಿಜಿ ಎಂಬ ನಟ, ದವಡೆ ಮುಂದೆ ಚಾಚಿ, ಬಾಯಿ ಕೆಳಗೆ ಬಾಗಿಸಿ, ಬಟ್ಟೆಯೊಳಗಿನಿಂದ ಎರಡೂ ಕೈ ಹೊರಗೆ ಹಾಕಿ ಬೆರಳು ಅಗಲಿಸಿ ನಿಂತಿದ್ದಾನೆ. ದುಡ್ಡು ಕಸಿಯಲು ಬಂದವನು. ಕಬುಕಿಯಲ್ಲಿ ಕತೆಯ ಬಿಸಿ ಏರಿದಾಗ ನಟ ಗಕ್ಕನೆ ಒಂದು ಭಂಗಿಯಲ್ಲಿ ನಿಂತುಬಿಡುತ್ತಾನೆ, ಪಕ್ಕದಲ್ಲಿ ಒಬ್ಬ ಮರದ ತುಂಡುಗಳಿಂದ ಹಲಗೆ ಬಡಿಯುತ್ತಾನೆ. ಮಿಯೆ ಅಂತಾರೆ. ನಮ್ಮಲ್ಲಿ ಚೆಂಡೆ ಪೆಟ್ಟು ಬಿದ್ದ ಕೂಡಲೇ ವೇಷ ಕಣ್ಣರಳಿಸಿ ನಿಲ್ಲುವುದಿಲ್ಲವಾ, ಆ ಗಳಿಗೆ. ಚಿಕ್ಕಪ್ಪ ಈ ಚಿತ್ರ ನೋಡಿ "ಕೈ ಮೈಗೆ ಸರಿ ಇಲ್ಲ, ಸಣ್ಣ ಆಯ್ತು" ಅಂದರು. ಒಂದು ನಿಮಿಷ ಬಿಟ್ಟು, "ಆದ್ರೆ ಹೆದರಿಸಲಿಕ್ಕೆ ಬಂದವನ ಕೈ ಹಿಂಗೇ ಕಾಣ್ತದೆ. ಮುಖದ ಮೇಲೇ ಕಣ್ಣು ಇರ್ತದಲ್ಲ, ಕೈ ಎಂತದೋ ಒಂದು ಅಷ್ಟೇ" ಅಂದರು. ಈ ಕೈಗಳ ಬಗ್ಗೆ ನಾನು ಓದಿದ್ದರಲ್ಲಿ ಇದಕ್ಕಿಂತ ಒಳ್ಳೆಯ ಮಾತು ಇರಲಿಲ್ಲ.

ಆಮೇಲೆ ಬಂದದ್ದು ಶಿಗೆನೋಯ್.

ಎದೋಬೇ ಬರುವ ಅದೇ ನಾಟಕ, ಕಾವರಾಸಾಕಿ ಎಂಬ ಅದೇ ರಂಗಮಂದಿರ. ಶಿಗೆನೋಯ್ ರಾಜಕುವರಿಯ ದಾದಿ. ಕುದುರೆ ಹೊಡೆದುಕೊಂಡು ಬಂದ ಹುಡುಗ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ ಅಂತ ಅವಳಿಗೆ ಗೊತ್ತಾಗುತ್ತದೆ. ಗೊತ್ತಾದರೂ ಮಗ ಅಂತ ಅಪ್ಪಿಕೊಳ್ಳುವ ಹಾಗಿಲ್ಲ. ಈ ಪಾತ್ರ ಮಾಡಿದವರು ನಾಲ್ಕನೇ ಇವಾಯ್ ಹಾನ್‌ಶಿರೋ. ನಾಲ್ಕನೇ ಅಂದರೆ ಆ ಹೆಸರು ಹೊತ್ತ ನಾಲ್ಕನೆಯವರು. ಗಂಡಸು. ಕಬುಕಿಯಲ್ಲಿ ಹೆಣ್ಣು ಪಾತ್ರ ಎಲ್ಲ ಗಂಡಸರದ್ದೇ. ಅದರ ಕತೆ ವಿಚಿತ್ರ, ಕಬುಕಿ ಶುರುಮಾಡಿದ್ದೇ ಓಕುನಿ ಎಂಬ ಹೆಂಗಸು, 1603ರ ಹೊತ್ತಿಗೆ, ಕ್ಯೋತೋದಲ್ಲಿ. 1629ರಲ್ಲಿ ಸರಕಾರ ಹೆಂಗಸರು ಆಡಬಾರದು ಅಂತ ತಡೆಯಿತು. ಎಳೆಯ ಹುಡುಗರು ಆ ಪಾತ್ರಗಳಿಗೆ ಬಂದರು. 1652ರಲ್ಲಿ ಅದೂ ನಿಂತಿತು. ಇನ್ನು ಮುಂದೆ ಆಡುವವರು ಹಣೆಯ ಮೇಲಿನ ಕೂದಲು ಬೋಳಿಸಿ, ಬೆಳೆದ ಗಂಡಸರಂತೆ ಕಾಣಬೇಕು ಅಂತ ಆಯಿತು. ಸ್ತ್ರೀವೇಷದವರು ಏನು ಮಾಡಿದರು? ಬೋಳು ಹಣೆಯ ಮೇಲೆ ನೇರಳೆ ಬಣ್ಣದ ಚಿಕ್ಕ ಬಟ್ಟೆ ಇಟ್ಟುಕೊಂಡರು. ಹಣೆ ಮುಚ್ಚುವ ಆ ತುಂಡೇ ಹೆಣ್ಣು ವೇಷದ ಅಲಂಕಾರ ಆಗಿಬಿಟ್ಟಿತು. ಮರದಚ್ಚಿನ ಚಿತ್ರಗಳಲ್ಲಿ ಚೆಲುವೆಯ ಹಣೆಯ ಮೇಲೆ ಆ ತುಂಡು ಕಂಡರೆ ತಿಳಿದುಕೊಳ್ಳಿ, ಇದು ಬೀದಿಯ ಹೆಂಗಸಲ್ಲ, ರಂಗದ ಹೆಂಗಸು.

ನಾನು ಇದೆಲ್ಲ ಹೇಳಲು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಟ್ಯಾಬ್ ಕಣ್ಣಿನ ಹತ್ತಿರ ಹಿಡಿದುಕೊಂಡಿದ್ದರು. ಗುಂಡು ಮುಖ. ತುಂಬಿದ ಕೆನ್ನೆ. ಪುಟ್ಟ ಕಣ್ಣು, ಇನ್ನೂ ಪುಟ್ಟ ಬಾಯಿ. ಚಿಕ್ಕಪ್ಪ ತುಂಬಾ ಹೊತ್ತು ನೋಡಿದರು. ಮಳೆ ಒಂದು ಸಲ ಬಿಟ್ಟು ಮತ್ತೆ ಹಿಡಿಯಿತು.

"ಇವನಿಗೆ ವಯಸ್ಸಾಗಿದೆ ಮಾರಾಯ್ತಿ" ಅಂದರು. "ಪಾತ್ರಕ್ಕೆ ಆಗ್ಲಿಲ್ಲ."

ಹಾನ್‌ಶಿರೋ ಹುಟ್ಟಿದ್ದು 1747ರಲ್ಲಿ. ಈ ಚಿತ್ರ ಬರೆದಾಗ 47. ನಾನು ಹೇಳಿರಲಿಲ್ಲ.

ನಮ್ಮ ಚಿಕ್ಕಪ್ಪ ಸ್ತ್ರೀವೇಷ ಬಿಟ್ಟಿದ್ದು 46ಕ್ಕೆ. ಬಿಟ್ಟಿದ್ದಲ್ಲ, ಬಿಡಿಸಿದ್ದು. ಅವರಿದ್ದ ಮೇಳದವರು ಆ ವರ್ಷ ತಿರುಗಾಟ ಶುರುವಾಗುವ ಮೊದಲು ಮನೆಗೆ ಬಂದು, ಕಾಫಿ ಕುಡಿದು, ಸ್ತ್ರೀವೇಷಕ್ಕೆ ಸಪೂರ ಹುಡುಗರು ಬೇಕು ಅಂತ ಜನ ಕೇಳ್ತಾರೆ ಅಂದರು. ನಾನು ಆಗ ಆರನೇ ಕ್ಲಾಸು. ಚಿಕ್ಕಪ್ಪ ಮಾತಾಡಲಿಲ್ಲ. ಅವರ ಮುಖ ತುಂಬಿಕೊಂಡಿತ್ತು, ಸೊಂಟ ದಪ್ಪ ಆಗಿತ್ತು, ಅದು ನಿಜ. ಆದರೆ ಅದರ ಹಿಂದಿನ ವರ್ಷ ನಮ್ಮೂರ ಗದ್ದೆ ಬಯಲಿನಲ್ಲಿ ಅವರ ಚಂದ್ರಮತಿ ನೋಡಿದ್ದೇನೆ ನಾನು. ಸುಡುಗಾಡಿನಲ್ಲಿ ಲೋಹಿತಾಶ್ವನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತದ್ದು. ಬೆಳಗಿನ ಜಾವ, ಮಂಜು ಬೀಳುತ್ತಿತ್ತು, ಕಂಬಳಿ ಹೊದ್ದ ಅಜ್ಜಿಯರು ಬಿಕ್ಕುತ್ತಿದ್ದರು. ಇಪ್ಪತ್ತು ವರ್ಷದ ಹುಡುಗ ಆ ವೇಷ ಮಾಡಿದರೆ ಚೆಂದ ಕಾಣಬಹುದು. ಮಗ ಸತ್ತ ತಾಯಿ ಹಾಗೆ ಕಾಣಬೇಕಲ್ವಾ? ಆ ಮುಖಕ್ಕೆ ವಯಸ್ಸು ಬೇಕಿತ್ತು, ಅವರ ಹತ್ತಿರ ಇತ್ತು.

ಶಾರಾಕು ಹಾನ್‌ಶಿರೋನ ಕೆನ್ನೆ ತೆಗೆಯಲಿಲ್ಲ. ಅದಕ್ಕೇ ನನಗೆ ಈ ಚಿತ್ರ ಬೇಕು. ಅವರು ನಟನನ್ನು ಆಡಿಕೊಂಡಿದ್ದಾರೆ, ವ್ಯಂಗ್ಯಚಿತ್ರ ಬರೆದಿದ್ದಾರೆ ಅಂತ ಹೇಳುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಆಡಿಕೊಳ್ಳುವವನು ಪಾತ್ರವನ್ನು ಬಿಟ್ಟುಬಿಡುತ್ತಾನೆ, ಸುಮ್ನೆ ದಪ್ಪ ಗಂಡಸಿಗೆ ಸೀರೆ ಉಡಿಸಿದ ಹಾಗೆ ಬರೆಯುತ್ತಾನೆ. ಇಲ್ಲಿ ಹಾಗಿಲ್ಲ. 47ರ ಗಂಡಸೂ ಇದ್ದಾನೆ, ಮಗನನ್ನು ಮಗ ಅನ್ನಲಾಗದ ತಾಯಿಯೂ ಇದ್ದಾಳೆ. ಇಬ್ಬರೂ ಒಂದೇ ಚರ್ಮದೊಳಗೆ ಕೂತಿದ್ದಾರೆ. ನಾವು ಆಟ ನೋಡುವಾಗ ನೋಡುವುದೂ ಇಬ್ಬರನ್ನೇ. ವೇಷ ಚೆನ್ನಾಗಿ ಆಯ್ತು ಅನ್ನುವಾಗ ನಾವು ಹೊಗಳುವುದು ಚಂದ್ರಮತಿಯನ್ನಲ್ಲ, ಚಂದ್ರಮತಿಯನ್ನು ಹೊತ್ತವನನ್ನು.

ಆದರೆ ಎದೋದ ಜನ ಇದನ್ನು ಹೆಚ್ಚು ದಿನ ಕೊಳ್ಳಲಿಲ್ಲ ಅಂತ ಕಾಣುತ್ತದೆ. ಅದೇ ವರ್ಷ, ಅದೇ ಊರಿನಲ್ಲಿ, ಅವೇ ನಟರನ್ನು ಉತಾಗಾವಾ ತೊಯೊಕುನಿ ಕೂಡ ಬರೆಯುತ್ತಿದ್ದರು. 25ರ ತರುಣ. ಅವರ ನಟರು ನೀಟಾಗಿ, ಚೆಂದವಾಗಿ, ಅಭಿಮಾನಿಗೆ ಹೇಗೆ ಬೇಕೋ ಹಾಗೆ ಇದ್ದಾರೆ. ತೊಯೊಕುನಿ ಗೆದ್ದರು. ಅವರ ಶಿಷ್ಯರ ಸಾಲೇ ಮುಂದಿನ ನೂರು ವರ್ಷ ನಟರ ಚಿತ್ರಗಳನ್ನು ಆಳಿತು. ಶಾರಾಕು ಬಗ್ಗೆ ಆ ಕಾಲದ ಬರಹಗಾರ ಓತಾ ನಾಂಪೋ ಎರಡೇ ಸಾಲು ಬರೆದಿದ್ದಾರೆ. ನಿಜವನ್ನು ತೀರಾ ಜಾಸ್ತಿ ಬರೆಯಲು ಹೋಗಿ ಬರೆಯಬಾರದ ಹಾಗೆ ಬರೆದರು, ಬಹಳ ದಿನ ನಡೆಯಲಿಲ್ಲ ಅಂತ ಅದರ ತಾತ್ಪರ್ಯ. 1910ರಲ್ಲಿ ಜರ್ಮನಿಯ ಯೂಲಿಯುಸ್ ಕುರ್ಟ್ ಶಾರಾಕು ಮೇಲೆ ಒಂದು ಪುಸ್ತಕ ಬರೆದರು. ಜಗತ್ತು ತಿರುಗಿ ನೋಡಿದ್ದು ಆಮೇಲೆ.

ತೊಯೊಕುನಿ ಕಡೆಯವರನ್ನು ನಾನು ಕಡೆಗಣಿಸುತ್ತಿಲ್ಲ. ಅವರ ಶಿಷ್ಯರಲ್ಲಿ ಕುನಿಯೋಶಿ ಅಂತ ಒಬ್ಬರಿದ್ದರು, ನನಗೆ ತುಂಬಾ ಇಷ್ಟ. 1842ರಲ್ಲಿ ಸರಕಾರ ನಟರ ಚಿತ್ರವನ್ನೇ ಬರೆಯಬಾರದು ಅಂತ ಆಜ್ಞೆ ಮಾಡಿತು. ಕೆಲವು ವರ್ಷ ಆದ ಮೇಲೆ ಕುನಿಯೋಶಿ ಗೋಡೆಯ ಮೇಲೆ ಮಕ್ಕಳು ಮೊಳೆಯಿಂದ ಗೀಚಿದ ಹಾಗೆ ಒಂದಷ್ಟು ಮುಖ ಬರೆದು ಅಚ್ಚು ಹಾಕಿಸಿದರು. ಹೆಸರಿಲ್ಲ, ಲಾಂಛನವಿಲ್ಲ, ಬರೀ ಗೀಚು. ಆದರೆ ನಾಟಕ ನೋಡುವವರಿಗೆ ಒಂದೊಂದು ಮೂಗೂ ಗೊತ್ತು! ಇನ್ನು ನಟ ಸತ್ತಾಗ ಬರುತ್ತಿದ್ದ ಚಿತ್ರಗಳಿಗೆ ಶಿನಿ-ಎ ಅಂತ ಹೆಸರು. ಎಂಟನೇ ದಾಂಜೂರೋ 1854ರಲ್ಲಿ ಒಸಾಕಾದಲ್ಲಿ ತಾನೇ ಪ್ರಾಣ ಕಳೆದುಕೊಂಡರು, 32ನೇ ವಯಸ್ಸು, ಹೆಂಗಸರಿಗೆ ಅವರೆಂದರೆ ಪ್ರಾಣ. ನೂರಕ್ಕೂ ಹೆಚ್ಚು ಬಗೆಯ ಚಿತ್ರ ಬಂದವು. ತಿಳಿನೀಲಿ ಬಟ್ಟೆ ತೊಟ್ಟ ದಾಂಜೂರೋ, ಪಕ್ಕದಲ್ಲಿ ತೀರಿಕೊಂಡ ದಿನ, ಸತ್ತ ಮೇಲೆ ಇಟ್ಟ ಹೆಸರು. ಕೆಲವದರಲ್ಲಿ ಸುತ್ತ ಹೆಂಗಸರು ಬಿದ್ದು ಅಳುತ್ತಿದ್ದಾರೆ. ನಮ್ಮಲ್ಲಿ ಎಂತೆಂಥ ವೇಷಧಾರಿಗಳು ಹೋದರು. ಊರೂರಲ್ಲಿ ಅವರನ್ನು ನೆನೆಯುವವರಿದ್ದಾರೆ, ಮುಖ ತೋರಿಸಲು ಒಂದು ತುಂಡು ಕಾಗದ ಇಲ್ಲ.

ಸಂಜೆ ಆಯಿತು. ಚಿಕ್ಕಮ್ಮ ಲಾಟೀನು ಹಚ್ಚಿದರು. ಚಿಕ್ಕಪ್ಪ ಮತ್ತೆ ಶಿಗೆನೋಯ್ ಚಿತ್ರ ತೆಗೆಸಿದರು. "ಇದನ್ನು ಬರೆದವನು ಎದುರಿಗೆ ಕೂತು ಆಟ ನೋಡಿದವನಲ್ಲ. ಚೌಕಿಗೆ ಬಂದು ನೋಡಿದ್ದಾನೆ" ಅಂದರು. ಚೌಕಿ ಅಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗ. ನನಗೆ ಮೈ ಜುಮ್ಮೆಂದಿತು. ಯಾಕೆಂದರೆ ಶಾರಾಕು ಯಾರು ಅನ್ನುವುದಕ್ಕೆ ಒಂದು ಹಳೆಯ ದಾಖಲೆ ಇದೆ. 1844ರಲ್ಲಿ ಸಾಯಿತೋ ಗೆಶ್ಶಿನ್ ಎಂಬವರು ಬರೆದಿಟ್ಟಿದ್ದು. ಅದರ ಪ್ರಕಾರ ಶಾರಾಕುವಿನ ನಿಜ ಹೆಸರು ಸಾಯಿತೋ ಜೂರೋಬೇ, ಅವಾ ಪ್ರಾಂತ್ಯದ ಒಡೆಯನ ಹತ್ತಿರ ಇದ್ದ, ನೋ ಎಂಬ ಬಗೆಯ ನಾಟಕದ ಕಲಾವಿದ. ಈಗ ಹೆಚ್ಚಿನ ವಿದ್ವಾಂಸರು ಇದನ್ನೇ ನಂಬುತ್ತಾರೆ. ನೋ ನಾಟಕದಲ್ಲಿ ಮುಖ್ಯ ಪಾತ್ರಕ್ಕೆ ಮರದ ಮುಖವಾಡ. ಮುಖವಾಡದ ಲೋಕದಿಂದ ಬಂದವನು, ಬಣ್ಣದ ಕೆಳಗಿನ ಮುಖ ಹುಡುಕಿದ. ಚಿಕ್ಕಪ್ಪನಿಗೆ ಇದನ್ನು ಹೇಳಿದೆ. "ಮತ್ತೆ? ವೇಷ ಕಟ್ಟಿದವನೇ" ಅಂದರು, ಅಷ್ಟೇ.

ನಾನು ಚಿಕ್ಕವಳಿದ್ದಾಗ ಚೌಕಿಗೆ ಚಾ ತೆಗೆದುಕೊಂಡು ಹೋಗುತ್ತಿದ್ದೆ. ಚಿಕ್ಕಪ್ಪ ಚಾಪೆಯ ಮೇಲೆ ಕಾಲು ಮಡಚಿ ಕೂತು, ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದು, ಹುಬ್ಬು ತೀಡುತ್ತಿದ್ದರು. ಒಂದು ಹುಬ್ಬು ಆಗಿರುತ್ತಿತ್ತು, ಇನ್ನೊಂದು ಆಗಿರುತ್ತಿರಲಿಲ್ಲ. ಲೋಟ ತೆಗೆದುಕೊಳ್ಳುವಾಗ "ಇಲ್ಲಿಡು ಮಗಾ" ಅನ್ನುವ ದನಿ ಚಿಕ್ಕಪ್ಪನದು, ಆದರೆ ಲೋಟ ಹಿಡಿಯುವ ಬೆರಳು ಆಗಲೇ ಚಂದ್ರಮತಿಯದು.

ಮಾರನೇ ಬೆಳಗ್ಗೆ ಮಳೆ ಸ್ವಲ್ಪ ತೆಳುವಾಗಿತ್ತು. ಜಗುಲಿಯಲ್ಲಿ ಒಳ್ಳೆಯ ಬೆಳಕು. "ಚಿಕ್ಕಪ್ಪಾ, ಒಂದು ಫೋಟೋ ತೆಗೀಲಾ?" ಅಂದೆ. ಅವರಿಗೆ ಈಗ 74. ಬನಿಯನ್ನು, ಪಂಚೆ, ಹೆಗಲ ಮೇಲೆ ಬೈರಾಸು. ಬೇಡ ಅಂತಾರೆ ಅಂದುಕೊಂಡಿದ್ದೆ. ಅವರು ಬೈರಾಸನ್ನು ಸೆರಗಿನ ಹಾಗೆ ತಲೆಯ ಮೇಲಿಂದ ಎಳೆದುಕೊಂಡರು, ಬೆನ್ನು ನೆಟ್ಟಗೆ ಮಾಡಿದರು, ತೊಡೆಯ ಮೇಲೆ ಇಲ್ಲದ ಮಗುವಿನ ತಲೆಗೆ ಕೈ ಇಟ್ಟರು. ಬಣ್ಣ ಇಲ್ಲ, ಗಡ್ಡ ಎರಡು ದಿನದ್ದು. ಚಿಕ್ಕಮ್ಮ ಒಳಗಿನಿಂದ ಬಂದವರು ಬಾಗಿಲಲ್ಲೇ ನಿಂತರು.

11 ಫೋಟೋ ತೆಗೆದೆ. ಎಲ್ಲವನ್ನೂ ಒಂದೊಂದಾಗಿ ನೋಡಿದರು. ಎರಡು ಮೂರು ತುಂಬಾ ಚೆಂದ ಬಂದಿದ್ದವು, ಬೆಳಕು ಮೆದುವಾಗಿ ಬಿದ್ದು ಮುಖದ ಸುಕ್ಕು ಅಷ್ಟು ಕಾಣುತ್ತಿರಲಿಲ್ಲ. ಅವನ್ನು ದಾಟಿ ಹೋದರು. ಏಳನೆಯದರಲ್ಲಿ ನಿಂತರು. ಕಣ್ಣು ಅರ್ಧ ಮುಚ್ಚಿದೆ, ಕತ್ತಿನ ನರ ಎದ್ದಿದೆ, ಕೆಳತುಟಿ ಒಂದು ಕಡೆಗೆ ಸರಿದಿದೆ.

"ಇದು ಆಗ್ಲಿ" ಅಂದರು. "ದೊಡ್ಡದು ಮಾಡಿಸು. ಎಂತದೂ ತಿದ್ದುದು ಬೇಡ ಅಂತ ಹೇಳು."

ಶನಿವಾರ ಶಿವಮೊಗ್ಗದಲ್ಲಿ ಪ್ರಿಂಟ್ ಹಾಕಿಸುತ್ತೇನೆ. ಜಗುಲಿಯ ಗೋಡೆಯಲ್ಲಿ ಎಲ್ಲಿ ಮೊಳೆ ಹೊಡೆಯಬೇಕು ಅಂತ ಅವರೇ ತೋರಿಸಿ ಕಳಿಸಿದ್ದಾರೆ.